ಕೆರೆ ಇಳಿದಾಗ ಕಾಣುವ ದಾರಿ

ನಮ್ಮ ಮನೆಯ ಒಳಗೋಡೆಗಳು ಹೆಂಚಿನ ಮಾಡಿನವರೆಗೆ ಏರಿರಲಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತುಬಿಟ್ಟಿದ್ದವು. ಕಟ್ಟಿಸುವಾಗ ಕೆಂಪುಕಲ್ಲು ಸಾಲದೆ ಹೋಯಿತೋ, ಗಾಳಿಯಾಡಲಿ ಎಂದು ಹಾಗೆಯೇ ಬಿಟ್ಟರೋ, ಯಾರೂ ಹೇಳಿದ್ದಿಲ್ಲ. ಚಾವಡಿಯಲ್ಲಿ ಅಜ್ಜಿ ಎಲೆಯಡಿಕೆ ಕುಟ್ಟಿದರೆ ಅಡುಗೆಮನೆಗೆ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಸ್ವಲ್ಪ ಉದ್ದ ಉಸಿರು ಬಿಟ್ಟರೆ ಚಾವಡಿಯಿಂದ ಅಜ್ಜಿ, ಎಂತಾಯ್ತು ಎಂದು ವಿಚಾರಿಸುತ್ತಿದ್ದಳು. ನಾನು ಮತ್ತು ಅಣ್ಣ ಪ್ರವೀಣ ಮಲಗುತ್ತಿದ್ದ ಕೋಣೆಯ ಒಂದು ಪಕ್ಕದಲ್ಲಿ ಅಜ್ಜಿ, ಇನ್ನೊಂದು ಪಕ್ಕದಲ್ಲಿ ಅಮ್ಮ. ವಾಮದಪದವಿನ ಪೇಟೆಯಿಂದ ಒಳಗೆ, ಗುಡ್ಡದ ಬದಿಯಲ್ಲಿರುವ ಆ ಮನೆ ಅಜ್ಜಿಯದು, ಅಂದರೆ ಅಮ್ಮನ ತಾಯಿಯದು. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ ಬರುತ್ತದೆ. ಈಗ ಅದರಲ್ಲಿ ನಾನಿದ್ದೇನೆ. ಅಮ್ಮ ತೀರಿಹೋಗಿ ವರ್ಷವೊಂದು ಕಳೆಯಿತು. ಅವಳ ಬಗ್ಗೆ ಬರೆಯೋಣವೆಂದು ಕುಳಿತರೆ ಅವಳು ಹುಟ್ಟಿ, ಬೆಳೆದು, ಕೊನೆಯುಸಿರೆಳೆದ ಈ ಮನೆಗಿಂತ ಮೊದಲು ಕೆರೆಯೇ ಕಣ್ಣ ಮುಂದೆ ಬರುತ್ತದೆ.

ಅಪ್ಪ ಮಸ್ಕತ್ತಿನಲ್ಲಿದ್ದರು. ಅಲ್ಲಿನ ಒಂದು ಹೋಟೆಲಿನಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ. ಎರಡು ವರ್ಷಕ್ಕೊಮ್ಮೆ, ನಮಗೆ ಶಾಲೆಯ ದೊಡ್ಡ ರಜೆ ಇರುವ ಹೊತ್ತಿಗೆ ಅವರಿಗೂ ಎರಡು ತಿಂಗಳ ರಜೆ ಸಿಗುತ್ತಿತ್ತು. ಬೊಂಬಾಯಿಯಲ್ಲಿ ವಿಮಾನ ಇಳಿದು ಬಸ್ಸಿನಲ್ಲಿ ಬರುತ್ತಿದ್ದರು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿದ ಕೂಡಲೇ ಗೋಡೆ ಮೇಲಿನ ಆ ಖಾಲಿ ಜಾಗದಿಂದಾಗಿ ಇಡೀ ಮನೆಗೆ ಸಾಬೂನಿನ ಪರಿಮಳ ಹಬ್ಬುತ್ತಿತ್ತು. ಮರುದಿನ ಬೆಳಿಗ್ಗೆಯಿಂದ ಜನ. ತಲೆನೋವಿನ ಬಾಮು, ಟಾರ್ಚು, ಸೆಂಟು ಎಂದು ಬರುವವರು ಕೆಲವರಾದರೆ, ಮಗನನ್ನೋ ತಮ್ಮನನ್ನೋ ಕರೆದುಕೊಂಡು ಬರುವವರು ಹಲವರು. ನಾರಾವಿಯಿಂದ, ನೆರಿಯದಿಂದ, ಎರಡೆರಡು ಬಸ್ಸು ಬದಲಿಸಿ ಬರುತ್ತಿದ್ದರು. ಹುಡುಗನಿಗೆ ಓದು ಹತ್ತುವುದಿಲ್ಲ, ಒಂಟೆ ಮೇಯಿಸುವ ಕೆಲಸವಾದರೂ ಅಡ್ಡಿಯಿಲ್ಲ ಎಂದು ಒಬ್ಬಾಕೆ ಕೇಳಿಕೊಂಡದ್ದು, ಅದಕ್ಕೆ ಅಜ್ಜಿ, ನಮ್ಮ ಅಳಿಯನೇ ಒಂಟೆಯನ್ನು ಫೋಟೋದಲ್ಲಿ ನೋಡಿದ್ದು ಮಾರಾಯ್ತಿ ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ನೋಡುವ, ಎನ್ನುತ್ತಿದ್ದರು. ಅಷ್ಟನ್ನೇ ನಂಬಿ ಬಂದವರು ಚಾ ಕುಡಿದು ಎದ್ದು ಹೋಗುತ್ತಿದ್ದರು. ಆ ಚಾ ಮಾಡುವುದೇ ಅಮ್ಮನಿಗೆ ಆ ಎರಡು ತಿಂಗಳ ಕೆಲಸ. ಅವಳು ಅಪ್ಪನನ್ನು ಹತ್ತಿರದಿಂದ ನೋಡುತ್ತಿದ್ದುದು ಲೋಟ ಕೊಡುವಾಗ ಮಾತ್ರ. ರಾತ್ರಿ ಮಾತನಾಡೋಣವೆಂದರೆ ಆ ಗೋಡೆಗಳು. ಅಮ್ಮ ಏನಾದರೂ ಮೆಲ್ಲಗೆ ಹೇಳಲು ಶುರು ಮಾಡಿದರೆ ಅಜ್ಜಿ ನಿದ್ದೆಯಲ್ಲಿಯೇ ಕೆಮ್ಮುತ್ತಿದ್ದಳು.

ಅಮ್ಮ ಬೀಡಿ ಕಟ್ಟುತ್ತಿದ್ದಳು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಅದನ್ನು ಕಟ್ಟದ ಮನೆಗಳು ಆಗ ಎಷ್ಟಿದ್ದವು? ಆದರೆ ಅಪ್ಪ ಮೊದಲ ಸಲ ಮಸ್ಕತ್ತಿಗೆ ಹೊರಟಾಗ, ಇನ್ನು ಬೀಡಿ ಬೇಡ, ಗಲ್ಫಿನವನ ಹೆಂಡತಿ ಬೀಡಿ ಕಟ್ಟುತ್ತಾಳೆ ಎಂದು ಹೇಳಿಸಿಕೊಳ್ಳಲು ನನ್ನಿಂದಾಗದು ಎಂದಿದ್ದರಂತೆ. ಅಮ್ಮ ಹೂಂ ಎಂದಳು, ಬೀಡಿ ಬಿಡಲಿಲ್ಲ. ಅಪ್ಪ ಬರುವ ದಿನ ಹತ್ತಿರವಾದಂತೆ ಹುಣಸೆಹುಳಿ ಹಚ್ಚಿ ಬೆರಳುಗಳ ಕಲೆ ಉಜ್ಜುತ್ತಿದ್ದಳು. ಬೀಡಿಯ ತಡ್ಪೆ, ಅಂದರೆ ಮಡಿಲಲ್ಲಿಟ್ಟು ಕಟ್ಟುವ ಬಿದಿರಿನ ಮೊರ, ಎಲೆಯ ಕಟ್ಟು, ಕತ್ತರಿ, ಹೊಗೆಸೊಪ್ಪಿನ ಡಬ್ಬಿ ಎಲ್ಲ ಮಂಚದ ಅಡಿಗೆ ಹೋಗುತ್ತಿದ್ದವು. ಆದರೆ ಎರಡು ತಿಂಗಳು ಪೂರ್ತಿ ಬೀಡಿ ಕೊಡದಿದ್ದರೆ ಕಂಪನಿಯ ಬ್ರಾಂಚಿನಲ್ಲಿ ಹೆಸರು ಹೊಡೆದುಹಾಕುತ್ತಾರೆ. ಹಾಗಾಗಿ ಅಪ್ಪ ಪೇಟೆಗೆ ಹೋದ ಮಧ್ಯಾಹ್ನಗಳಲ್ಲಿ ಅವಸರ ಅವಸರವಾಗಿ ಕಟ್ಟುತ್ತಿದ್ದಳು. ಬೇಲಿಯ ತಡಮೆ ದಾಟುವಾಗ ಜೋರಾಗಿ ಒಮ್ಮೆ ಕೆಮ್ಮುವ ಅಭ್ಯಾಸ ಅಪ್ಪನಿಗಿತ್ತು. ಆ ಕೆಮ್ಮು ಕೇಳಿದರೆ ತಡ್ಪೆ ಮಂಚದಡಿಗೆ, ಅಮ್ಮ ಬಾವಿಕಟ್ಟೆಗೆ. ಮಸ್ಕತ್ತಿನ ಧೂಳೆಲ್ಲ ಗಂಟಲಲ್ಲಿ ಕೂತಿದೆ ಪಾಪ ಎಂದು ಅಜ್ಜಿ ಕನಿಕರ ಪಡುತ್ತಿದ್ದಳು. ನಮಗೆ ಮಕ್ಕಳಿಗೆ ಅಮ್ಮ, ಅಪ್ಪನ ಎದುರು ಬೀಡಿಯ ಮಾತು ಎತ್ತಬಾರದೆಂದು ಮೊದಲೇ ಹೇಳಿ ಇಟ್ಟಿರುತ್ತಿದ್ದಳು.

ನಾನು ಎರಡನೆಯ ಕ್ಲಾಸೋ ಮೂರನೆಯದೋ ಮುಗಿಸಿದ ಬೇಸಿಗೆ. ಚಾವಡಿ ತುಂಬ ಜನ ಕುಳಿತಿದ್ದರು. ಅಮ್ಮ ಸೆರಗಿನಲ್ಲಿ ಕೈ ಒರೆಸುತ್ತಾ ಬಾಗಿಲಿಗೆ ಬಂದು ನಿಂತಳು. ಅವಳು ಹಾಗೆ ಎಲ್ಲರ ಎದುರು ಮಾತನಾಡುವವಳಲ್ಲ.

"ಈ ಭಾನುವಾರ ಕೆರೆಯ ಆಚೆ ಕರೆಯ ಗುಳಿಗನ ಕಲ್ಲಿಗೆ ಬೊಂಡ ಇಡ್ಲಿಕ್ಕುಂಟು. ಹರಕೆ. ದಂಡೆಯಲ್ಲಿ ನಡೆದೇ ಹೋಗ್ಬೇಕು ಹೇಳಿ ಉಂಟು. ಇವರೂ ಬರ್ಬೇಕು, ಮಕ್ಕಳೂ ಬರ್ಬೇಕು."

ಯಾವಾಗಿನ ಹರಕೆ ಎಂದು ಅಪ್ಪ ಕೇಳಿದರು. ನೀವು ಇಲ್ಲದಾಗಿನದು, ಎಂದಳು. ದೈವಕ್ಕೆ ಎಳನೀರಿನ ಹರಕೆ ಎಂದ ಮೇಲೆ ನಮ್ಮ ಕಡೆ ಎದುರು ಮಾತಿಲ್ಲ. ಬಂದವರೇ, ಹೋಗಿ ಹೋಗಿ, ಅದನ್ನು ಬಾಕಿ ಇಡಬಾರದು ಎಂದರು. ಅಜ್ಜಿ ಮಾತ್ರ ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎಲೆಗೆ ಸುಣ್ಣ ಹಚ್ಚತೊಡಗಿದಳು.

ಕೆರೆ ನಮ್ಮ ಮನೆಯಿಂದ ಮೂಡಬಿದಿರೆಯ ಕಡೆಗೆ, ಎರಡು ಗುಡ್ಡಗಳ ನಡುವೆ ಇದೆ. ಊರಿನವರು ದೊಡ್ಡಕೆರೆ ಎನ್ನುತ್ತಾರೆ. ಯಾವುದೋ ಕಾಲದ ಜೈನ ಅರಸು ಕಟ್ಟ ಹಾಕಿಸಿದ್ದು ಎಂದು ಹೇಳುತ್ತಾರೆ. ಮಳೆಗಾಲದಲ್ಲಿ ಅದಕ್ಕೆ ದಂಡೆಯೇ ಇಲ್ಲ, ನೀರು ಗುಡ್ಡದ ಬುಡಕ್ಕೆ ತಾಗಿ ನಿಂತಿರುತ್ತದೆ. ಸುಗ್ಗಿ ಬೆಳೆಗೆ ನೀರು ಬಿಟ್ಟು, ಬಿಸಿಲು ಏರಿ, ಕೆರೆ ಮೆಲ್ಲಮೆಲ್ಲಗೆ ಇಳಿದಾಗ ಕಲ್ಲುಗಳು ಒಂದೊಂದಾಗಿ ಎದ್ದು ಬರುತ್ತವೆ. ಆಗ ಮಾತ್ರ ನೀರಿಗೂ ಗುಡ್ಡಕ್ಕೂ ನಡುವೆ ಸುತ್ತಲೂ ನಡೆಯಲು ಒಂದು ದಾರಿ. ದಾರಿ ಎಂದರೆ ಯಾರೂ ಮಾಡಿದ್ದಲ್ಲ. ಒಂದಷ್ಟು ದೂರ ಬಿರುಕು ಬಿಟ್ಟ ಕೆಸರು, ಮತ್ತೆ ಕಾಲು ಸುಡುವ ಕರಿಯ ಬಂಡೆಹಾಸಿನ ಪಾದೆ, ಮತ್ತೆ ಕೈ ಊರಿ ಹತ್ತಬೇಕಾದ ಮುರಕಲ್ಲಿನ ದರೆ, ಆಮೇಲೆ ಬಗ್ಗಿ ನುಸುಳಬೇಕಾದ ಮುಳ್ಳೆಲೆಯ ಮುಂಡೇವಿನ ಪೊದೆ. ಎಪ್ರಿಲಿನಲ್ಲಿ ಅದು ಕಾಣಿಸಿಕೊಂಡು ಮಳೆಯ ಜೊತೆಗೆ ಮುಳುಗಿಹೋಗುತ್ತಿತ್ತು. ಅಪ್ಪನೂ ಹಾಗೆಯೇ ಬಂದು ಹೋಗುತ್ತಿದ್ದುದರಿಂದ, ಚಿಕ್ಕವಳಿದ್ದಾಗ ನನಗೆ ಅಪ್ಪನೂ ದಾರಿಯೂ ಒಂದೇ ಕೆಲಸದವರಂತೆ ಕಾಣುತ್ತಿದ್ದರು.

ಆ ಮೊದಲ ಸಲ ಅಪ್ಪ ಮಸ್ಕತ್ತಿನ ಶೂ ಹಾಕಿ ಬಂದಿದ್ದರು. ಬೇಡವೆಂದು ಅಮ್ಮ ಹೇಳಿದ್ದಳು. ಪಾದೆಯ ಮೇಲೆ ಎರಡು ಸಲ ಜಾರಿದರು, ದರೆ ಹತ್ತುವಾಗ ಒಂದರ ಅಟ್ಟೆ ಬಾಯಿ ಬಿಟ್ಟಿತು. ಅಮ್ಮ ಬಾಳೆನಾರು ಹುಡುಕಿ ಅದನ್ನು ಪಾದಕ್ಕೆ ಸೇರಿಸಿ ಕಟ್ಟಿದಳು. ಕಟ್ಟಿಸಿಕೊಳ್ಳುವಾಗ ಅಪ್ಪ ಆಚೆ ಈಚೆ ನೋಡುತ್ತಿದ್ದರು. ಯಾರಾದರೂ ವೀಸಾ ಕೇಳುವವರು ಕಂಡರೆ ಕಷ್ಟವಲ್ಲ ಎಂದು ಅಮ್ಮ ನಕ್ಕಳು. ಅಮ್ಮ ಹಾಗೆ ತಮಾಷೆ ಮಾಡುವುದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ. ಅವಳು ಬರಿಗಾಲಿನಲ್ಲಿ, ಸೀರೆಯನ್ನು ಮೊಣಕಾಲಿನ ಹತ್ತಿರಕ್ಕೆ ಎತ್ತಿ ಕಟ್ಟಿ, ತಲೆಯ ಮೇಲೆ ಬುತ್ತಿಯ ಬುಟ್ಟಿ ಇಟ್ಟು ಸರಸರ ನಡೆಯುತ್ತಿದ್ದಳು. ಕೆಸರಿನ ಜಾಗ ದಾಟಿದ ಮೇಲೆ ಬುಟ್ಟಿಯನ್ನು ಅಪ್ಪನ ಕೈಗೆ ಕೊಟ್ಟು ನಮಗೆ ಹೇಳಿದಳು:

"ನೀವಿಬ್ಬರು ಮುಂದೆ ನಡೀರಿ. ಹಿಂದೆ ತಿರುಗಿ ನೋಡುದು ಬೇಡ. ಹರಕೆಗೆ ಹೋಗುವಾಗ ಹಿಂದೆ ನೋಡ್ಲಿಕ್ಕಿಲ್ಲ."

ಅಣ್ಣನಿಗೆ ಅದು ಒಳ್ಳೆಯದಾಯಿತು. ಕುಂಟಾಲದ ಹಣ್ಣು, ಕೇಪಳದ ಹಣ್ಣು ಎಂದು ಪೊದೆಯಿಂದ ಪೊದೆಗೆ ಓಡಿ, ದೂರದಿಂದ ಕೂ ಹಾಕುತ್ತಿದ್ದ. ನಾನು ಓಡಲಿಲ್ಲ. ಹಿಂದೆ ನೋಡಬಾರದು ಎಂದಿದ್ದಳೇ ಹೊರತು ಕೇಳಬಾರದು ಎಂದಿರಲಿಲ್ಲ. ಅವರಿಗೆ ಸ್ವಲ್ಪವೇ ಮುಂದೆ, ಮಾತು ಮುಟ್ಟುವಷ್ಟು ದೂರದಲ್ಲಿ ನಡೆದೆ. ಬೆನ್ನಿನಿಂದ ಕೇಳಿಸಿಕೊಳ್ಳುವುದನ್ನು ನಾನು ಕಲಿತದ್ದು ಅಲ್ಲಿ. ಇವತ್ತಿಗೂ ನಾಲ್ಕು ಜನರ ನಡುವೆ ನಾನು ಮಾತನಾಡುವುದು ಕಡಿಮೆ. ವಾರಿಜಾ ಇದ್ದಾಳೋ ಎದ್ದು ಹೋದಳೋ ತಿಳಿಯುವುದಿಲ್ಲ ಎಂದು ನನ್ನ ಗಂಡ ಹೇಳುತ್ತಿರುತ್ತಾರೆ. ಆ ದಿನ ಮೊದಲಿಗೆ ಬಂದದ್ದು ಸಣ್ಣ ಸಣ್ಣ ವಿಷಯಗಳು. ಹಟ್ಟಿಯ ದನ, ಪ್ರವೀಣನ ಮಾರ್ಕು, ಮಸ್ಕತ್ತಿನ ಕೋಣೆಯಲ್ಲಿ ಅಪ್ಪನ ಜೊತೆ ಇರುವವರು ಮಾಡುವ ಸಾರಿನ ರುಚಿ. ಮುಂಡೇವಿನ ಪೊದೆ ದಾಟಿದ ಮೇಲೆ ಅಮ್ಮ ಕೇಳಿದಳು:

"ಈ ಸರ್ತಿ ವಾಪಸ್ ಹೋಗ್ಲೇಬೇಕಾ?"

"ಹೋಗದೆ? ಮಾಡು ಸೋರ್ತಾ ಉಂಟಲ್ಲ. ಮಾಡೊಂದು ರಿಪೇರಿ ಆಗ್ಲಿ. ಮತ್ತೆ ನೋಡುವ."

ಅಮ್ಮ ಒತ್ತಾಯ ಮಾಡಲಿಲ್ಲ. ಗುಳಿಗನ ಕಲ್ಲು ಒಂದು ಪಾಲೆ ಮರದ ಬುಡದಲ್ಲಿದೆ, ಮೊಣಕಾಲೆತ್ತರದ ಕರಿಕಲ್ಲು. ಅಪ್ಪ ಬೊಂಡ ಕೆತ್ತಿ ಇಟ್ಟರು, ಎಲ್ಲರೂ ಕೈ ಮುಗಿದೆವು. ಆಮೇಲೆ ನೆರಳಿನಲ್ಲಿ ಬಾಳೆಲೆ ಬಿಡಿಸಿ ಅಕ್ಕಿಯುಂಡೆಯ ಪುಂಡಿ ಮತ್ತು ಒಣಸಿಗಡಿಯ ಚಟ್ನಿ ತಿಂದೆವು. ಬೊಂಡ ಇಡುವವರೆಗೆ ಮೀನು ಮುಟ್ಟುವಂತಿಲ್ಲ, ಇಟ್ಟ ಮೇಲೆ ಗುಳಿಗನ ತಕರಾರಿಲ್ಲ ಎಂದು ಅಜ್ಜಿಯೇ ತೀರ್ಪು ಕೊಟ್ಟಿದ್ದಳು. ಅಪ್ಪ ಕೈ ತೊಳೆಯಲು ನೀರಿಗೆ ಇಳಿದು ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಕೆರೆಯ ಆಚೆ ಬದಿಯಿಂದ ಸುತ್ತಿ ಬಂದು ಕಟ್ಟ ಮುಟ್ಟುವಾಗ ಸಂಜೆಯಾಗಿತ್ತು. ಮನೆಯಲ್ಲಿ ಯಾರೋ ಕಾದು ಕುಳಿತಿದ್ದರು. ಅಮ್ಮ ಕಾಲನ್ನೂ ತೊಳೆಯದೆ ಚಾಕ್ಕೆ ನೀರಿಟ್ಟಳು.

ಅಲ್ಲಿಂದ ಮುಂದೆ ಅಪ್ಪ ಬಂದ ಪ್ರತಿ ಬೇಸಿಗೆಯಲ್ಲೂ ಹರಕೆ ಇತ್ತು. ಪ್ರತಿ ಸಲವೂ ಮುಂಡೇವಿನ ಪೊದೆ ದಾಟಿದ ಮೇಲೆ ಅಮ್ಮ ಅದನ್ನೇ ಕೇಳಿದಳು, ಪ್ರತಿ ಸಲವೂ ಅಪ್ಪನ ಹತ್ತಿರ ಒಂದು ಕಾರಣವಿತ್ತು. ಬಾವಿಗೆ ಕಲ್ಲು ಕಟ್ಟಿಸಬೇಕಿತ್ತು. ಅಜ್ಜಿಯ ಕಣ್ಣಿನ ಆಪರೇಷನ್ ಆಗಬೇಕಿತ್ತು. ಗೋಡೆಗಳನ್ನು ಮಾಡಿನವರೆಗೆ ಏರಿಸಬೇಕಿತ್ತು. ಯಾವುದೂ ಸುಳ್ಳು ಕಾರಣವಲ್ಲ, ಅದೇ ಅಮ್ಮನ ಕಷ್ಟ. ಹೊಸ ಬಾವಿಕಟ್ಟೆಯಲ್ಲಿ ನೀರು ಸೇದುವಾಗ ಅವಳು ಒಮ್ಮೊಮ್ಮೆ ಕೊಡಪಾನ ಹಾಗೆಯೇ ಬಿಟ್ಟು ಅದರ ಕಲ್ಲುಗಳನ್ನು ನೋಡುತ್ತಾ ನಿಲ್ಲುತ್ತಿದ್ದಳು. ಊರಿನ ಹೆಂಗಸರು ನಿನಗೇನು ಕಮ್ಮಿ ಗಿರಿಜಾ ಎನ್ನುವಾಗ ನಗುತ್ತಿದ್ದಳು. ಮನೆಯೊಳಗೆ ನಮಗೂ ಅಪ್ಪನಿಗೂ ಅಷ್ಟೇನೂ ಸಲಿಗೆ ಇರಲಿಲ್ಲ. ಬಂದ ಮೊದಲ ವಾರ ಅವರನ್ನು ಕಂಡರೆ ನಾನು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಅವರಿಗೂ ನನ್ನ ಹತ್ತಿರ ಏನು ಕೇಳಬೇಕೆಂದು ತಿಳಿಯುತ್ತಿರಲಿಲ್ಲ, ಊಟ ಆಯ್ತಾ ಎಂದು ದಿನಕ್ಕೆ ನಾಲ್ಕೈದು ಸಲ ಕೇಳುತ್ತಿದ್ದರು. ಪಾದೆಯ ಮೇಲೆ ಮಾತ್ರ ಅವರು ನನ್ನ ಕೈ ಹಿಡಿದರು. ಅಪ್ಪನ ಕೈ ಒರಟು, ಬೆವರಿದರೂ ಜಾರದ್ದು ಎಂದು ನನಗೆ ಗೊತ್ತಾದದ್ದು ಅಲ್ಲಿಯೇ. ಅಜ್ಜಿ ಕೊನೆಕೊನೆಗೆ ಅಮ್ಮನನ್ನು ಕೆಣಕುತ್ತಿದ್ದಳು.

"ಇಷ್ಟು ಸರ್ತಿ ಹೋದ್ರೂ ಮುಗಿಯದ ಹರಕೆ ಯಾವುದು ಮಾರಾಯ್ತಿ? ಗುಳಿಗನಿಗೇ ಬೊಂಡ ಸಾಕಾಗಿರ್ಬಹುದು."

ನಾನು ಹೈಸ್ಕೂಲಿನಲ್ಲಿದ್ದಾಗಿನ ಒಂದು ವರ್ಷ ಎಲ್ಲ ಕೆಟ್ಟಿತು. ಅಪ್ಪ ಚಾವಡಿಯಲ್ಲಿ ಯಾರೊಡನೆಯೋ, ಪ್ರವೀಣನ ಪಾಸ್‌ಪೋರ್ಟು ಮಾಡಿಸುತ್ತಿದ್ದೇನೆ, ಹದಿನೆಂಟು ತುಂಬಿದ ಮೇಲೆ ಅವನನ್ನೂ ಕರೆಸಿಕೊಳ್ಳುವುದು ಎಂದರು. ಅಮ್ಮ ಆಗ ಚಾ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದಳು. ಅವಳಿಗೆ ಆ ಸುದ್ದಿ ಸಿಕ್ಕಿದ್ದು ಹಾಗೆ. ಭಾನುವಾರ ಕೆರೆಯ ದಂಡೆಯಲ್ಲಿ ಪೊದೆ ದಾಟಿದ ಮೇಲೂ ಏನೂ ಕೇಳಲಿಲ್ಲ. ಗುಳಿಗನ ಕಲ್ಲಿನ ಹತ್ತಿರ ಬೊಂಡ ಇಟ್ಟು ಕೈ ಮುಗಿದು, ಬುತ್ತಿ ಬಿಚ್ಚುವ ಮೊದಲು ಹೇಳಿದಳು:

"ಒಬ್ಬರನ್ನು ಕಾಯ್ಲಿಕ್ಕೇ ನನ್ನಿಂದ ಆಗುದಿಲ್ಲ. ಇಬ್ಬರನ್ನು ಕಾಯ್ಲಿಕ್ಕೆ ಹೇಳ್ಬೇಡಿ."

"ಮತ್ತೆ ಅವನು ಇಲ್ಲಿ ಎಂತ ಮಾಡುದು? ಬೀಡಿ ಕಟ್ಟುದಾ?"

ಅಮ್ಮನ ಕೈಗಳು ಸೆರಗಿನೊಳಗೆ ಹೋದವು. ಅಣ್ಣ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಅಮ್ಮ ಎದ್ದವಳೇ ನಾವು ಬಂದ ದಾರಿಯಲ್ಲಿಯೇ ವಾಪಸು ನಡೆಯತೊಡಗಿದಳು. ಅಪ್ಪ ಬುಟ್ಟಿ ಎತ್ತಿಕೊಂಡು, ಯಾವಾಗಲೂ ಹೋಗುವ ಹಾಗೆ ಮುಂದಕ್ಕೆ ಹೊರಟರು. ಅಣ್ಣ ಅವರ ಹಿಂದೆ ಹೋದ, ನಾನು ಅಮ್ಮನ ಹಿಂದೆ ಓಡಿದೆ.

ಸ್ವಲ್ಪ ದೂರ ನಡೆದ ಮೇಲೆ ಕೆರೆಯ ಆಚೆ ಬದಿ ಕಾಣತೊಡಗಿತು. ನೀರಿನ ಆಚೆ ಅಪ್ಪನ ಬಿಳಿ ಅಂಗಿ, ಅದರ ಹಿಂದೆ ಅಣ್ಣನ ಕೆಂಪು ಅಂಗಿ. ಅಮ್ಮ ಆ ಕಡೆ ನೋಡುತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಆ ಬಿಳಿ ಅಂಗಿ ಕಲ್ಲುಗಳ ಹಿಂದೆ ಮರೆಯಾದಾಗಲೆಲ್ಲ ಅವಳು ನಿಲ್ಲುತ್ತಿದ್ದಳು. ಮುಳ್ಳು ತೆಗೆಯುವ ನೆಪದಲ್ಲಿ, ಸೀರೆ ಸರಿಮಾಡುವ ನೆಪದಲ್ಲಿ. ಅಂಗಿ ಕಲ್ಲಿನಿಂದ ಹೊರಗೆ ಬಂದ ಮೇಲೆ ಮತ್ತೆ ನಡೆಯುತ್ತಿದ್ದಳು. ಒಮ್ಮೆ ಅದು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಆ ಬದಿಯ ದರೆ ಕಡಿದಾದದ್ದು. ಅಮ್ಮ ನೀರಿನ ಅಂಚಿಗೆ ಇಳಿದು, ಹಣೆಗೆ ಕೈ ಅಡ್ಡ ಹಿಡಿದು ನಿಂತಳು. ಅವಳ ಪಾದದ ಮೇಲೆ ನೀರು ಬಂದು ಹೋಗುತ್ತಿತ್ತು, ಅದೂ ಅವಳಿಗೆ ತಿಳಿದಂತಿರಲಿಲ್ಲ. ಹೀಗೆ ಹುಡುಕುತ್ತಾ ನಿಲ್ಲುವುದನ್ನು ಅವಳು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದ ಹಾಗಿತ್ತು. ಬಿಳಿ ಅಂಗಿ ಕಂಡಿತು. ಅಮ್ಮ ಸೆರಗಿನಿಂದ ಮುಖ ಒರೆಸಿ, ಬಿಸಿಲು ಎಂದಳು. ಆ ಬದಿಯ ದಾರಿ ಹತ್ತಿರದ್ದು, ನಾವು ಕಟ್ಟ ಮುಟ್ಟುವಾಗ ಅವರು ಮೊದಲೇ ಬಂದು ಕುಳಿತಿದ್ದರು. ಕಾಲಿಗೆ ಮುಳ್ಳು ಹೊಕ್ಕಿತಾ ಎಂದು ಅಪ್ಪ ಕೇಳಿದರು, ಇಲ್ಲ ಎಂದು ಅಮ್ಮ ಹೇಳಿದಳು. ಅವತ್ತು ಬುತ್ತಿಯನ್ನು ಮನೆಗೆ ತಂದು ತಿಂದೆವು. ಅಣ್ಣ ಮಸ್ಕತ್ತಿಗೆ ಹೋಗಲಿಲ್ಲ. ಮೂಡಬಿದಿರೆಯಲ್ಲಿ ಪಂಪಿನ ರಿಪೇರಿ ಕಲಿತು, ಅಲ್ಲಿಯೇ ಅಂಗಡಿ ಇಟ್ಟ. ಆ ದಿನದ ಬಗ್ಗೆ ಅವನು ಒಂದೇ ಮಾತು ಹೇಳಿದ್ದಾನೆ: ಅಪ್ಪ ಎಷ್ಟು ನಿಧಾನ ನಡೆದರೆಂದರೆ ತನಗೆ ಸಿಟ್ಟೇ ಬಂದಿತ್ತಂತೆ.

ಕೊನೆಯ ಸಲ ಹೋದದ್ದು ಮೂರೇ ಜನ. ಅಜ್ಜಿ ಆಗ ಇರಲಿಲ್ಲ. ಅಣ್ಣನಿಗೆ ಬೇಸಿಗೆಯಲ್ಲಿ ಪಂಪಿನ ಕೆಲಸ ಬಿಡುವಿಲ್ಲದಷ್ಟು. ನಾನು ಪಿಯುಸಿ ಮುಗಿಸಿ ಹೊಲಿಗೆ ಕಲಿಯುತ್ತಿದ್ದೆ. ಗೋಡೆಗಳು ಮಾಡಿನವರೆಗೆ ಏರಿದ್ದವು. ಬಾಗಿಲು ಹಾಕಿಕೊಂಡರೆ ಮನೆಯಲ್ಲಿಯೇ ಏನು ಬೇಕಾದರೂ ಮಾತನಾಡಬಹುದಿತ್ತು. ಆದರೂ ಅಮ್ಮ ಹರಕೆ ಎಂದಳು. ನಾನು ಹಳೆಯ ಅಭ್ಯಾಸದಂತೆ ಮುಂದೆ ನಡೆದೆ. ದರೆ ಹತ್ತುವಾಗ ಅಮ್ಮನ ಕಾಲು ಜಾರಿತು. ಅಪ್ಪ ಅವಳ ಕೈ ಹಿಡಿದು ಎಳೆದುಕೊಂಡದ್ದು ಉಸಿರಿನ ಸದ್ದಿನಲ್ಲಿಯೇ ತಿಳಿಯಿತು. ಆಮೇಲೆ ಕಾಲಿನ ಸದ್ದು ಕೇಳಲಿಲ್ಲ. ಇಬ್ಬರೂ ಅಲ್ಲಿಯೇ ನಿಂತಿದ್ದರು. ಅವಳ ಬೆರಳುಗಳು ಅಪ್ಪನ ಕೈಯಲ್ಲಿದ್ದಿರಬೇಕು. ಎಷ್ಟು ಉಜ್ಜಿದರೂ ಹೋಗದ ಕಲೆ ಬೆರಳಿನ ತುದಿಗಳಲ್ಲಿ ಉಳಿಯುವಷ್ಟು ವರ್ಷ ಅವಳು ಬೀಡಿ ಕಟ್ಟಿದ್ದಳು.

"ನಾನು ಬೀಡಿ ಬಿಡ್ಲಿಲ್ಲ."

"ಗೊತ್ತುಂಟು."

"ಯಾವಾಗಿಂದ?"

"ಮೊದಲ ಸರ್ತಿ ಊರಿಗೆ ಬಂದಾಗಿಂದ. ಇಲ್ಲಾಂದ್ರೆ ತಡಮೆಯಲ್ಲಿ ಯಾಕೆ ಕೆಮ್ಮುದು? ನನಗೆ ಎಂತ ಕೆಮ್ಮಿನ ಕಾಯಿಲೆ ಉಂಟಾ?"

ನಾನು ತಿರುಗಿ ನೋಡಿದೆ. ಅಮ್ಮನ ಮುಖ ನಗುವುದೋ ಅಳುವುದೋ ತೀರ್ಮಾನವಾಗದೆ ಹಾಗೆಯೇ ಇತ್ತು. ಗೊತ್ತಿದ್ದೂ ಇಷ್ಟು ವರ್ಷ ತನ್ನನ್ನು ಬಾವಿಕಟ್ಟೆಗೆ ಓಡಿಸಿದ್ದಾ ಎಂದು ಕೇಳಿದಳು. ಅಪ್ಪ ಕೈ ಬಿಡಲಿಲ್ಲ. ಆಮೇಲೆ ಅವಳು ದನಿ ಏರಿಸದೆ, ಅಂಗಡಿಯಲ್ಲಿ ಸಾಮಾನು ಹೇಳುವಂತೆ ಹೇಳಿದಳು:

"ಮಾಡು ಆಯ್ತು, ಬಾವಿ ಆಯ್ತು, ಗೋಡೆಯೂ ಆಯ್ತು. ಅಕ್ಕಿಗೆ ಮೀನಿಗೆ ನನ್ನ ಬೀಡಿ ಸಾಕು. ಇನ್ನು ಎಂತ ನೋಡ್ಲಿಕ್ಕುಂಟು?"

ಗುಳಿಗನ ಕಲ್ಲಿಗೆ ಬೊಂಡ ಇಟ್ಟು, ಅಪ್ಪ ಕತ್ತಿಯನ್ನು ಹುಲ್ಲಿನಲ್ಲಿ ಒರೆಸುತ್ತಾ, ಒಮ್ಮೆ ಹೋಗಿ ಅಲ್ಲಿಯದನ್ನೆಲ್ಲ ಮುಗಿಸಿ ಬರ್ತೇನೆ ಎಂದರು. ಅಮ್ಮ ಪುಂಡಿ ಬಡಿಸಿದಳು. ನನಗೆ ಒಂದು ಹೆಚ್ಚೇ ಹಾಕಿದಳು.

ಮರುವರ್ಷ ಅವರು ಬಂದುಬಿಟ್ಟರು. ಬಂದವರಿಗೆ ಮನೆಯಲ್ಲಿ ಇರುವುದು ಗೊತ್ತಿರಲಿಲ್ಲ. ಚಾ ಬೇಕಾದರೆ ಚಾವಡಿಯಲ್ಲಿ ಕುಳಿತು ಕಾಯುತ್ತಿದ್ದರು, ನೆಂಟರ ಹಾಗೆ. ಉಪ್ಪು ಎಲ್ಲಿದೆ ಎಂದು ಮೂರು ತಿಂಗಳಾದರೂ ತಿಳಿಯದೆ ಅಮ್ಮನಿಂದ ಬೈಸಿಕೊಂಡರು. ಇಬ್ಬರೂ ಜಗಳವಾಡುತ್ತಿದ್ದರು, ಬೆಕ್ಕಿಗೆ ಮೀನು ಹಾಕಿದ್ದಕ್ಕೆ, ರೇಡಿಯೋದ ಸದ್ದಿಗೆ, ಚಪ್ಪಲಿ ಬಿಡುವ ಜಾಗಕ್ಕೆ. ಆಮೇಲೆ ವಾಮದಪದವಿನಲ್ಲಿ ಒಂದು ಸಣ್ಣ ಚಾ ಹೋಟೆಲು ತೆರೆದರು. ಮಧ್ಯಾಹ್ನ ಬಾಗಿಲು ಹಾಕಿ ಮನೆಗೆ ಬಂದು, ಎಲ್ಲರಿಗೂ ಕಾಣುವ ಹಾಗೆ ಜಗುಲಿಯಲ್ಲಿ ಕುಳಿತು, ಅಮ್ಮನಿಗೆ ಬೀಡಿಯ ಎಲೆ ಕತ್ತರಿಸಿ ಕೊಡುತ್ತಿದ್ದರು. ಅಳತೆ ತಪ್ಪುತ್ತಿತ್ತು, ಅಮ್ಮ ಅರ್ಧ ಎಲೆಗಳನ್ನು ಮತ್ತೆ ಕತ್ತರಿಸುತ್ತಿದ್ದಳು. ದಾರಿಯಲ್ಲಿ ಹೋಗುವವರು, ಮಸ್ಕತ್ತಿನಲ್ಲಿ ಇದೇ ಕೆಲಸವಾ ಅಣ್ಣ ಎಂದು ತಮಾಷೆ ಮಾಡಿದರೆ, ಅಲ್ಲಿ ಇಷ್ಟು ಕಷ್ಟದ್ದು ಇರಲಿಲ್ಲ ಎನ್ನುತ್ತಿದ್ದರು.

ಕೆರೆಗೆ ಹೋಗುವುದು ನಿಂತಿತು. ಬೇಸಿಗೆ ಬಂದಾಗ ಅಪ್ಪನೇ ನೆನಪಿಸುತ್ತಿದ್ದರು. ಅಮ್ಮ, ಇವತ್ತು ಬ್ರಾಂಚಿಗೆ ಹೋಗಲಿಕ್ಕುಂಟು ಎಂದೋ ಹಪ್ಪಳ ಒಣಗಿಸಲಿಕ್ಕುಂಟು ಎಂದೋ ಹೇಳುತ್ತಿದ್ದಳು. ನನಗೆ ಮದುವೆಯಾಯಿತು, ಮಕ್ಕಳಾದವು. ಮಕ್ಕಳಿಗೆ ಆ ದಾರಿ ತೋರಿಸುವ ಎಂದು ಎಷ್ಟೋ ಸಲ ಕರೆದೆ. ಬರಲಿಲ್ಲ. ಕಾಯಿಲೆ ಬಿದ್ದು ಜಗುಲಿಯ ಮಂಚ ಹಿಡಿದ ಮೇಲೆ ಒಂದು ಮಧ್ಯಾಹ್ನ, ಅವಳಿಗೆ ಖುಷಿಯಾಗಲಿ ಎಂದು, ಗುಣವಾದ ಮೇಲೆ ಎಲ್ಲರೂ ಒಮ್ಮೆ ಕೆರೆಗೆ ಹೋಗುವ ಅಮ್ಮ ಎಂದೆ. ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು.

"ಆ ಕೆರೆಗಾ? ನನಗೆ ನೀರು ಕಂಡ್ರೆ ಸಣ್ಣಂದಿನಿಂದ ಹೆದರಿಕೆ. ಆ ಕಲ್ಲು, ಆ ಬಿಸಿಲು, ಎರಡು ದಿನ ಕಾಲುನೋವು. ಯಾರಿಗೆ ಬೇಕಿತ್ತು?"

"ಮತ್ತೆ ಹರಕೆ?"

"ಎಂತ ಹರಕೆಯೂ ಇಲ್ಲ. ಅವತ್ತು ಬಾಯಿಗೆ ಬಂತು, ಹೇಳಿದೆ."

ಗುಳಿಗನಿಗೆ ಸುಳ್ಳು ಹೇಳಲು ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

"ಪ್ರತಿ ಸರ್ತಿ ಬೊಂಡ ಇಟ್ಟಿದ್ದೇನಲ್ಲ. ಸುಳ್ಳು ಹೇಗಾಗ್ತದೆ?"

ಅಮ್ಮ ಹೋದ ಮೇಲೆ ಬೂದಿಯನ್ನು ಎಲ್ಲಿ ಬಿಡುವುದು ಎಂಬ ಮಾತು ಬಂತು. ಅಣ್ಣ, ದೊಡ್ಡಕೆರೆಯಲ್ಲಿ ಬಿಡುವ, ಅಮ್ಮನಿಗೆ ಅಷ್ಟು ಪ್ರೀತಿಯ ಜಾಗ ಎಂದ. ಅಪ್ಪ ತಲೆ ಅಲ್ಲಾಡಿಸಿದರು. ಅವರಿಗೆ ಅವಳು ಹೇಳಿದ್ದಳೋ, ತಾವಾಗಿಯೇ ತಿಳಿದಿದ್ದರೋ ನಾನು ಕೇಳಲಿಲ್ಲ.

"ಬೇಡ. ಅವಳಿಗೆ ಅಲ್ಲಿ ಎಂತದೂ ಇರ್ಲಿಲ್ಲ. ನಾನು ಇದ್ದೆ, ಅಷ್ಟೆ."

ಬೂದಿಯನ್ನು ನೇತ್ರಾವತಿಗೆ ಬಿಟ್ಟೆವು.

ಈ ಎಪ್ರಿಲಿನಲ್ಲಿ, ಶಾಲೆಗೆ ರಜೆ ಸಿಗುವ ಮೊದಲು, ನಾನೊಬ್ಬಳೇ ಕೆರೆಗೆ ಹೋದೆ. ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ಅನ್ನಕ್ಕೆ ಇಟ್ಟು ಬಸಿದು, ಅಪ್ಪನಿಗೆ ಹೇಳಿ ಹೊರಟೆ. ಕಟ್ಟದ ಮೇಲೆ ಈಗ ಕಾಂಕ್ರೀಟು ಹಾಕಿದ್ದಾರೆ, ಕುಳಿತುಕೊಳ್ಳಲು ಒಂದೆರಡು ಬೆಂಚುಗಳಿವೆ. ಅದನ್ನು ದಾಟಿದರೆ ಎಲ್ಲ ಹಾಗೆಯೇ ಇದೆ. ಕೆಸರು ಬಿರುಕು ಬಿಟ್ಟಿತ್ತು, ಪಾದೆ ಕಾದಿತ್ತು, ನೀರುಕಾಗೆಗಳು ರೆಕ್ಕೆ ಬಿಚ್ಚಿ ಕಲ್ಲುಗಳ ಮೇಲೆ ಕುಳಿತಿದ್ದವು. ಅಮ್ಮ ಇಲ್ಲಿ ಸಿಗುತ್ತಾಳೆ ಎಂದು ನಾನು ಬಂದಿದ್ದೆನೆಂದು ಕಾಣುತ್ತದೆ. ದರೆ ಹತ್ತಿ, ಮುಂಡೇವಿನ ಪೊದೆ ನುಸುಳಿ, ಅವಳು ಯಾವಾಗಲೂ ಆ ಮಾತು ಕೇಳುತ್ತಿದ್ದ ಜಾಗದಲ್ಲಿ ನಿಂತೆ. ಅಲ್ಲಿ ಏನೂ ಇರಲಿಲ್ಲ. ನೀರು, ಕಲ್ಲು, ಬಿಸಿಲು. ಅವಳಿಗೆ ಬೇಡವಾಗಿದ್ದ ಮೂರೂ ಇದ್ದವು. ಗುಳಿಗನ ಕಲ್ಲಿಗೆ ಇನ್ನೂ ಸಾಕಷ್ಟು ದೂರವಿತ್ತು, ಹೊತ್ತು ನೆತ್ತಿಗೆ ಬರುತ್ತಿತ್ತು. ನಾನು ಬೇಗ ಬೇಗ ಹಿಂದಕ್ಕೆ ಹೆಜ್ಜೆ ಹಾಕಿದೆ. ಊಟದ ಹೊತ್ತಾಗಿತ್ತು, ಮನೆಯಲ್ಲಿ ಅಪ್ಪ ಇದ್ದರು.